ರೋಲರ್‌ಬಾಲ್ ಪೆನ್ನಿಗೆ ಫೌಂಟನ್ ಪೆನ್ನಿನ ಇಂಕು: ಯಾವ ಪೆನ್ನಿಗೆ ಹಾಕಬಹುದು, ಯಾವುದಕ್ಕೆ ಬೇಡ

ಫೌಂಟನ್ ಪೆನ್ನಿನ ಇಂಕಿಗೆ ಇರುವಷ್ಟು ಬಣ್ಣಗಳು ಬೇರೆ ಯಾವ ಪೆನ್ನಿನ ಇಂಕಿಗೂ ಇಲ್ಲ. ನೀಲಿಯಲ್ಲೇ ಬೂದು ಬೆರೆತದ್ದು, ಹಸಿರಿಗೆ ವಾಲಿದ್ದು, ನೇರಳೆಯ ಛಾಯೆ ಇರುವುದು, ಬಿಸಿಲಿಗೆ ಹಿಡಿದು ನೋಡುವವರೆಗೂ ಕಪ್ಪೆಂದೇ ತೋರುವುದು, ಹೀಗೆ ಹತ್ತಾರು ಬಗೆ ಸಿಗುತ್ತವೆ. ಒಂದು ಬಾಟಲಿ ಕೊಂಡರೆ ಬಹಳ ಕಾಲ ಬಾಳಿಕೆ ಬರುತ್ತದೆ, ಖಾಲಿಯಾದ ಪ್ಲಾಸ್ಟಿಕ್ ರಿಫಿಲ್‌ಗಳನ್ನು ಕಸಕ್ಕೆ ಎಸೆಯುವುದೂ ತಪ್ಪುತ್ತದೆ. ಆದರೆ ನಿಬ್ಬು ಎಲ್ಲರ ಕೈಗೂ ಒಗ್ಗುವುದಿಲ್ಲ. ಒತ್ತಿ ಬರೆಯುವವರ ಕೈಗೆ ಸಿಕ್ಕರೆ ನಿಬ್ಬಿನ ಸೀಳು ಅಗಲವಾಗಿ ಕೆಟ್ಟುಹೋಗುತ್ತದೆ. ಎಡಗೈಯಲ್ಲಿ ಬರೆಯುವ ಅನೇಕರು ನಿಬ್ಬನ್ನು ಎಳೆಯುವ ಬದಲು ತಳ್ಳಬೇಕಾಗುತ್ತದೆ, ಆಗ ಅದು ಕಾಗದವನ್ನು ಕೆರೆಯುತ್ತದೆ. ಪೆನ್ನನ್ನು ಯಾವ ಕಡೆ ತಿರುಗಿಸಿ ಹಿಡಿದರೂ ಬರೆಯಬೇಕು ಅನ್ನುವವರಿಗೂ ನಿಬ್ಬು ಸರಿಹೋಗದು. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಅನ್ನಿಸುತ್ತದೆ: ಈ ಇಂಕನ್ನೇ ತುದಿಯಲ್ಲಿ ಉರುಳುವ ಗುಂಡಿರುವ ರೋಲರ್‌ಬಾಲ್ ಪೆನ್ನಿಗೆ ತುಂಬಿಸಿದರೆ ಆಗದೇ?

ಆಗುತ್ತದೆ. ಆದರೆ ಎಲ್ಲ ರೋಲರ್‌ಬಾಲ್‌ಗೂ ಆಗುವುದಿಲ್ಲ, ಎಲ್ಲ ಇಂಕೂ ಆಗುವುದಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಪಟ್ಟಿ ಬಾಯಿಪಾಠ ಮಾಡುವ ಅಗತ್ಯವೂ ಇಲ್ಲ. ಪೆನ್ನನ್ನು ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿದರೆ ಸಾಕು: ಇದರಲ್ಲಿ ಇಂಕು ಸೋರಿಹೋಗದಂತೆ ತಡೆದಿರುವುದು ಯಾವುದು? ಇಂಕಿನ ದಪ್ಪವೋ, ಪೆನ್ನಿನ ಒಳರಚನೆಯೋ? ಮುಂದಿನದೆಲ್ಲ ಈ ಪ್ರಶ್ನೆಯ ಉತ್ತರದಿಂದಲೇ ಹೊರಡುತ್ತದೆ.

ಇಂಕನ್ನು ಹಿಡಿದಿಡುವ ಎರಡು ದಾರಿ

ಬಾಲ್ ಪೆನ್ನಿನ ತುದಿಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಅಗಲದ ಗುಂಡು ಇರುತ್ತದೆ. ಹೆಚ್ಚಾಗಿ ಅದು ಟಂಗ್‌ಸ್ಟನ್ ಕಾರ್ಬೈಡ್‌ನದು, ಬಹಳ ಗಟ್ಟಿ. ಅದು ಕೂತಿರುವ ಗೂಡು ಹಿತ್ತಾಳೆಯದೋ, ಉಕ್ಕಿನದೋ, ನಿಕಲ್ ಬೆರೆತ ಲೋಹದ್ದೋ ಆಗಿರುತ್ತದೆ. ಗುಂಡಿಗೂ ಗೂಡಿಗೂ ನಡುವೆ ಕೆಲವೇ ಮೈಕ್ರಾನ್‌ಗಳ ಸಂದು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಗುಂಡು ಕಾಗದದ ಮೇಲೆ ಉರುಳಿದಂತೆ ಒಳಗಿನ ಇಂಕನ್ನು ಮೈಗೆ ಮೆತ್ತಿಕೊಂಡು ಈ ಸಂದಿನಿಂದ ಹೊರಗೆ ತರುತ್ತದೆ.

ಈ ಉಪಾಯ ಹಳೆಯದು. ಅಮೆರಿಕದ ಜಾನ್ ಲೌಡ್ 1888ರಲ್ಲೇ ಗುಂಡಿನ ತುದಿಯ ಪೆನ್ನಿಗೆ ಪೇಟೆಂಟ್ ಪಡೆದಿದ್ದ. ಆತನಿಗೆ ಬೇಕಿದ್ದದ್ದು ಚರ್ಮದಂಥ ಒರಟು ವಸ್ತುಗಳ ಮೇಲೆ ಗುರುತು ಹಾಕುವ ಸಾಧನ. ಕಾಗದದ ಮೇಲೆ ಬರೆಯುವ ಪೆನ್ನಾಗಿ ಗುಂಡು ನೆಲೆಯೂರಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಗುಂಡನ್ನು ತಿರುಗಿಸುವುದು ದೊಡ್ಡ ಮಾತಲ್ಲ, ಅದರ ಹಿಂದಿನ ಇಂಕನ್ನು ಅಂಕೆಯಲ್ಲಿಡುವುದೇ ಕಷ್ಟ. ನೀರಿನಷ್ಟು ತೆಳುವಾದ ಇಂಕು ಸಂದಿನಿಂದ ಜಿನುಗಿ ಹರಿದುಹೋಗುತ್ತದೆ, ತೀರಾ ಮಂದವಾದದ್ದು ಹೊರಗೇ ಬರುವುದಿಲ್ಲ. ಹಂಗೆರಿಯ ಪತ್ರಕರ್ತ ಲಾಸ್ಲೋ ಬೀರೋ ತನ್ನ ಸೋದರ ಗ್ಯೋರ್ಗ್ ಜೊತೆ ಸೇರಿ ಅದಕ್ಕೆ ತಕ್ಕ ಗಟ್ಟಿ ಇಂಕನ್ನು ಹುಡುಕಿಕೊಂಡು 1938ರಲ್ಲಿ ಪೇಟೆಂಟ್ ಪಡೆದ. ಇಂದಿನ ಬಾಲ್ ಪೆನ್ನುಗಳಲ್ಲಿರುವುದೂ ಅದೇ ವಂಶದ್ದು: ಎಣ್ಣೆಯಂಥ ದ್ರಾವಕದಲ್ಲಿ ಕಲಸಿದ, ಜೇನುತುಪ್ಪದ ಹಾಗೆ ಮೆಲ್ಲಗೆ ಸರಿಯುವ ಇಂಕು. ಅದರ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ರಿಫಿಲ್‌ನ ಹಿಂಬದಿ ತೆರೆದೇ ಇದ್ದರೂ ಇಂಕು ಕೆಳಗೆ ಸುರಿಯದಿರುವುದು ಈ ದಪ್ಪದಿಂದಲೇ.

ಜೆಲ್ ಪೆನ್ನೂ ಇದೇ ಗುಂಪಿಗೆ ಸೇರುತ್ತದೆ. ಜಪಾನಿನ ಸಾಕುರಾ ಕಂಪನಿ 1984ರಲ್ಲಿ ಮೊದಲ ಜೆಲ್ ಇಂಕಿನ ಪೆನ್ನು ತಂದಿತು. ಜೆಲ್ ಇಂಕಿನ ಮೂಲ ನೀರೇ, ಆದರೆ ಅದನ್ನು ದಪ್ಪಗೊಳಿಸಿರುತ್ತಾರೆ. ಸುಮ್ಮನಿದ್ದಾಗ ಗಟ್ಟಿ, ಗುಂಡು ಉರುಳಿ ಕಲಕಿದಾಗ ಮಾತ್ರ ತೆಳು. ಬರೆಯುವುದು ನಿಲ್ಲಿಸಿದ ಕೂಡಲೇ ಮತ್ತೆ ಗಟ್ಟಿಯಾಗಿ ಗುಂಡಿನ ಹಿಂದೆ ನಿಂತುಬಿಡುತ್ತದೆ. ಜೆಲ್ ರಿಫಿಲ್‌ನ ಹಿಂತುದಿಯಲ್ಲಿ ಇಂಕಿನ ಮೇಲೆ ಪಾರದರ್ಶಕ ಗ್ರೀಸಿನ ಒಂದು ತುಣುಕು ಕಾಣುತ್ತದಲ್ಲ, ಅದು ಇಂಕು ಒಣಗದಂತೆ, ಹಿಂದಕ್ಕೆ ಹರಿಯದಂತೆ ಹಾಕಿದ ಬಿರಡೆ. ಇಂಕು ಕಡಿಮೆಯಾದಂತೆ ಅದೂ ಕೆಳಗೆ ಸರಿಯುತ್ತದೆ.

ಈ ಎರಡೂ ಬಗೆಯ ಪೆನ್ನುಗಳಲ್ಲಿ ಕಾವಲು ಕಾಯುವುದು ಇಂಕೇ. ಖಾಲಿ ಜೆಲ್ ರಿಫಿಲ್ ತೊಳೆದು ಅದಕ್ಕೆ ಸಿರಿಂಜಿನಲ್ಲಿ ಫೌಂಟನ್ ಪೆನ್ನಿನ ಇಂಕು ತುಂಬಿಸಿದರೆ ಕಾವಲುಗಾರನನ್ನೇ ಹೊರಗಟ್ಟಿದಂತಾಯಿತು. ಫೌಂಟನ್ ಪೆನ್ನಿನ ಇಂಕು ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಒಂದೋ ಗುಂಡಿನ ಪಕ್ಕದಿಂದ ಹನಿಹನಿಯಾಗಿ ಜಿನುಗುತ್ತದೆ, ಇಲ್ಲವೇ ಪೆನ್ನು ಮಗುಚಿದಾಗ ಹಿಂಬದಿಯಿಂದ ಜೇಬಿಗೆ ಇಳಿಯುತ್ತದೆ. ಎಷ್ಟೇ ನಾಜೂಕಿನಿಂದ ತುಂಬಿಸಿದರೂ ಇದನ್ನು ತಪ್ಪಿಸಲಾಗದು.

ಎರಡನೆಯ ದಾರಿ ಫೌಂಟನ್ ಪೆನ್ನಿನದು. ಅಲ್ಲಿ ಇಂಕು ತೆಳುವಾಗಿಯೇ ಇರುತ್ತದೆ, ಅದನ್ನು ಹಿಡಿದಿಡುವುದು ಪೆನ್ನು. ನಿಬ್ಬಿನ ಕೆಳಗಿನ ಫೀಡ್‌ನಲ್ಲಿ, ಅಂದರೆ ಇಂಕನ್ನು ನಿಬ್ಬಿಗೆ ಸಾಗಿಸುವ ತುಂಡಿನಲ್ಲಿ, ಕೂದಲೆಳೆಯಂಥ ಕಾಲುವೆಗಳಿರುತ್ತವೆ. ಇಂಕು ಅವುಗಳ ಗೋಡೆಗೆ ಅಂಟಿಕೊಂಡು ಮುಂದೆ ಸರಿಯುತ್ತದೆ, ಅದೇ ಅಂಟು ಅದನ್ನು ಕೆಳಗೆ ಬೀಳದಂತೆಯೂ ಹಿಡಿದಿರುತ್ತದೆ. ಒಳಗಿನಿಂದ ಎಷ್ಟು ಇಂಕು ಹೊರಗೆ ಹೋಯಿತೋ ಅಷ್ಟು ಗಾಳಿ ಒಳಗೆ ಬರಬೇಕು, ಗಾಳಿಯ ದಾರಿ ಕಿರಿದಾಗಿರುವುದರಿಂದ ಇಂಕಿನ ಹರಿವೂ ಮಿತಿಯಲ್ಲಿರುತ್ತದೆ. ಫೀಡ್‌ನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಕಾಣುವ ತೆಳು ಗರಿಗಳು ಅಲಂಕಾರಕ್ಕಲ್ಲ. ಹೆಚ್ಚಾಗಿ ನುಗ್ಗಿ ಬಂದ ಇಂಕು ಅವುಗಳ ನಡುವೆ ನಿಂತು ಕಾಯುತ್ತದೆ.

ದ್ರವ ಇಂಕಿನ ರೋಲರ್‌ಬಾಲ್ ಈ ಎರಡನೆಯ ದಾರಿಯನ್ನೇ ಹಿಡಿದಿದೆ. ಜಪಾನಿನ ಓಟೋ ಕಂಪನಿ 1960ರ ದಶಕದಲ್ಲಿ ನೀರಿನ ಇಂಕಿಗೆ ಗುಂಡಿನ ತುದಿ ಜೋಡಿಸಿ ಇದನ್ನು ರೂಪಿಸಿತು. ಇದರಲ್ಲೂ ಎರಡು ಬಗೆ. ಕೆಲವದರ ಹೊಟ್ಟೆಯಲ್ಲಿ ಸ್ಕೆಚ್ ಪೆನ್ನಿನಲ್ಲಿರುವಂಥ ನಾರಿನ ಬತ್ತಿ ಇಂಕು ಹೀರಿಕೊಂಡು ಕೂತಿರುತ್ತದೆ. ಉಳಿದವುಗಳಲ್ಲಿ ಇಂಕು ಹಾಗೆಯೇ ತುಳುಕಾಡುತ್ತದೆ, ಗುಂಡಿನ ಹಿಂದೆ ಗರಿಗರಿಯ ಫೀಡ್ ಇರುತ್ತದೆ. ನಿಬ್ಬಿನ ಜಾಗದಲ್ಲಿ ಗುಂಡು ಬಂದಿದೆ ಅನ್ನುವುದನ್ನು ಬಿಟ್ಟರೆ ಇದು ಫೌಂಟನ್ ಪೆನ್ನೇ. ನಮ್ಮ ಇಂಕಿಗೆ ತಕ್ಕ ಮನೆ ಇದು.

ಕೈಯಲ್ಲಿರುವ ಪೆನ್ನು ಯಾವ ಜಾತಿಯದೆಂದು ತಿಳಿಯಲು ಕಂಪನಿಯ ಹೆಸರು ನೋಡಬೇಕಾಗಿಲ್ಲ. ಬೆಳಕಿಗೆ ಹಿಡಿದು ಓರೆಮಾಡಿ. ಇಂಕು ಅತ್ತಿತ್ತ ಹರಿದಾಡಿದರೆ, ತುದಿಯ ಹಿಂದೆ ಗರಿಗಳು ಕಂಡರೆ ಧೈರ್ಯವಾಗಿ ಮುಂದುವರಿಯಿರಿ. ಇಂಕು ಅಲುಗಾಡದೆ ಹಿಂತುದಿಯಲ್ಲಿ ಗ್ರೀಸು ಕಂಡರೆ ಅಲ್ಲಿಗೇ ಬಿಡಿ. ದುಬಾರಿ ಲೋಹದ ರೋಲರ್‌ಬಾಲ್‌ಗಳನ್ನು ಕೊಳ್ಳುವಾಗ ಇದು ಇನ್ನೂ ಮುಖ್ಯ. ಅವುಗಳಲ್ಲಿ ಬಹುಪಾಲು ಸಿದ್ಧ ರಿಫಿಲ್ ಹಾಕಿಕೊಳ್ಳುವಂಥವು. ‘ರಿಫಿಲ್ ಮಾಡಬಹುದು’ ಎಂದು ಬರೆದಿದ್ದರೆ ರಿಫಿಲ್ ಬದಲಿಸಬಹುದು ಅಂತಲೇ ಅರ್ಥ, ಬಾಟಲಿಯ ಇಂಕು ತುಂಬಿಸಬಹುದು ಅಂತಲ್ಲ. ಬಾಟಲಿಯ ಇಂಕು ಬೇಕೆಂದರೆ ಫೌಂಟನ್ ಪೆನ್ನಿನ ಕಾರ್ಟ್ರಿಜ್ (ಇಂಕು ತುಂಬಿದ ಚಿಕ್ಕ ಕೊಳವೆ) ಅಥವಾ ಕನ್ವರ್ಟರ್ (ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕೊಳವೆ) ಹಿಡಿಯುವ ಮಾದರಿಯನ್ನೇ ಹುಡುಕಬೇಕು. ಫ್ರಾನ್ಸಿನ ಜೆ. ಹರ್ಬಿನ್ ಕಂಪನಿಯ ರೋಲರ್‌ಬಾಲ್ ಅಂಥದ್ದು, ಫೌಂಟನ್ ಪೆನ್ನಿನ ಸಾಮಾನ್ಯ ಚಿಕ್ಕ ಕಾರ್ಟ್ರಿಜ್ ಅದಕ್ಕೆ ನೇರವಾಗಿ ಕೂರುತ್ತದೆ. ಪೈಲಟ್‌ನ ವಿ5, ವಿ7 ಪೆನ್ನುಗಳ ಕಾರ್ಟ್ರಿಜ್ ಮಾದರಿಗೆ ಅದರದೇ ಆಕಾರದ ಕಾರ್ಟ್ರಿಜ್ ಬೇಕು. ಖಾಲಿಯಾದದ್ದನ್ನು ತೊಳೆದು ಸಿರಿಂಜಿನಿಂದ ಬೇರೆ ಇಂಕು ತುಂಬಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ.

ಗುಂಡಿಗೆ ಬೇಕಾದದ್ದು, ನಿಬ್ಬಿಗೆ ಬೇಡದ್ದು

ಪೆನ್ನು ಸರಿಯಾದದ್ದೇ ಆದರೂ ಒಂದು ವ್ಯತ್ಯಾಸ ಉಳಿದೇ ಇರುತ್ತದೆ. ನಿಬ್ಬಿನಲ್ಲಿ ಚಲಿಸುವ ಭಾಗ ಯಾವುದೂ ಇಲ್ಲ. ರೋಲರ್‌ಬಾಲ್‌ನಲ್ಲಿ ಇದೆ, ಅದು ಬಿಡುವಿಲ್ಲದೆ ಉರುಳುತ್ತದೆ. 0.7 ಮಿಲಿಮೀಟರ್ ಗುಂಡಿನ ಸುತ್ತಳತೆ ಸುಮಾರು 2.2 ಮಿಲಿಮೀಟರ್. ಒಂದು ಮೀಟರ್ ಉದ್ದದ ಗೆರೆ ಎಳೆಯಲು ಅದು 450ಕ್ಕೂ ಹೆಚ್ಚು ಸುತ್ತು ತಿರುಗಬೇಕು. 0.5 ಮಿಲಿಮೀಟರ್ ಗುಂಡಾದರೆ 630 ದಾಟುತ್ತದೆ. ಅದೂ ಕೈಯ ಒತ್ತಡವನ್ನು ಬೆನ್ನಮೇಲೆ ಹೊತ್ತು, ಲೋಹದ ಗೂಡಿಗೆ ಒತ್ತಿಕೊಂಡು ತಿರುಗಬೇಕು.

ಇಲ್ಲಿ ಇಂಕಿಗೆ ಎರಡನೆಯ ಕೆಲಸವಿದೆ. ಬಣ್ಣ ಕೊಡುವುದರ ಜೊತೆಗೆ ಅದು ಕೀಲೆಣ್ಣೆಯೂ ಆಗಬೇಕು. ರೋಲರ್‌ಬಾಲ್‌ಗೆಂದೇ ಮಾಡಿದ ಇಂಕಿನಲ್ಲಿ ಗುಂಡು ಜಾರುವಂತೆ ಮಾಡುವ ಪದಾರ್ಥವನ್ನೂ ಗೂಡಿನ ಲೋಹಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಪದಾರ್ಥವನ್ನೂ ಬೆರೆಸಿರುತ್ತಾರೆ. ಫೌಂಟನ್ ಪೆನ್ನಿನ ಇಂಕು ನಿಬ್ಬಿಗಾಗಿ ಹುಟ್ಟಿದ್ದು: ನೀರು, ನೀರಿನಲ್ಲಿ ಕರಗಿದ ಬಣ್ಣ, ಬೇಗ ಒಣಗದಂತೆ ಗ್ಲಿಸರಿನ್‌ನಂಥದ್ದು ಸ್ವಲ್ಪ, ಮೇಲ್ಮೈ ಎಳೆತ ಕಡಿಮೆ ಮಾಡಲು ಸೋಪಿನ ಗುಣದ ವಸ್ತು ಸ್ವಲ್ಪ, ಬೂಷ್ಟು ಬರದಂತೆ ಔಷಧಿ ಸ್ವಲ್ಪ. ಗುಂಡು ಮತ್ತು ಗೂಡಿನ ಯೋಚನೆ ಅದರ ತಯಾರಿಯಲ್ಲಿ ಇರಲೇ ಇಲ್ಲ. ಹೀಗಾಗಿ ತುದಿ ಕೊಂಚ ಬೇಗ ಸವೆಯಬಹುದು, ಬರೆಯುವಾಗಿನ ನುಣುಪೂ ಇಂಕಿನಿಂದ ಇಂಕಿಗೆ ಬದಲಾಗುತ್ತದೆ. ಕೆಲವರು ಮನೆಯಲ್ಲೇ ಇಂಕಿಗೆ ಗ್ಲಿಸರಿನ್ ಹನಿಸಿ ನುಣುಪು ತರಲು ನೋಡುತ್ತಾರೆ. ನನಗೆ ಇದು ಸರಿಯೆನ್ನಿಸುವುದಿಲ್ಲ. ಗ್ಲಿಸರಿನ್ ತೇವವನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಸ್ವಲ್ಪ ಹೆಚ್ಚಾದರೂ ಬರೆದದ್ದು ಬಹಳ ಹೊತ್ತು ಒಣಗದೆ ಅಂಗೈಗೆ ಬಳಿದುಕೊಳ್ಳುತ್ತದೆ. ಅದರ ಬದಲು ತುದಿ ಸವೆಯುವ ವಸ್ತುವೆಂದು ಒಪ್ಪಿಕೊಂಡು, ತುದಿ ಬದಲಿಸಲು ಬರುವ ಪೆನ್ನನ್ನು ಆರಿಸಿಕೊಳ್ಳುವುದು ಮೇಲು.

ಕಾಗದದ ಮೇಲೆ ಕಾಣುವ ಬದಲಾವಣೆಯೂ ಇದೆ. ಸಣ್ಣ ನಿಬ್ಬಿನಲ್ಲಿ ಅಚ್ಚುಕಟ್ಟಾಗಿ ಕೂರುವ ಇಂಕು ಅದೇ ಕಾಗದದ ಮೇಲೆ ಗುಂಡಿನಿಂದ ಬಂದಾಗ ಹೆಚ್ಚು ದಪ್ಪನೆಯ, ಹೆಚ್ಚು ಒದ್ದೆಯಾದ ಗೆರೆಯಾಗಬಹುದು. ಗುಂಡು ತನ್ನ ಮೈತುಂಬ ಇಂಕು ಹೊತ್ತು ತಂದು ಕಾಗದಕ್ಕೆ ಒತ್ತಿ ಮೆತ್ತುತ್ತದೆ, ತೆಳು ಇಂಕು ಅಡ್ಡಿಯಿಲ್ಲದೆ ಹಿಂದಿನಿಂದ ಬರುತ್ತಲೇ ಇರುತ್ತದೆ. ಅಗ್ಗದ, ಇಂಕು ಕುಡಿಯುವ ಕಾಗದವಾದರೆ ಅಕ್ಷರದ ಅಂಚು ಬೇರು ಬಿಟ್ಟಂತೆ ಹರಡುತ್ತದೆ, ಹಾಳೆಯ ಹಿಂಬದಿಗೂ ಮೂಡುತ್ತದೆ. ಸಣ್ಣ ಅಕ್ಷರ ಬರೆಯುವವರು 0.5 ಮಿಲಿಮೀಟರ್ ತುದಿಯನ್ನೇ ತೆಗೆದುಕೊಳ್ಳುವುದು ಲೇಸು. ನಮ್ಮ ಲಿಪಿಯ ಒತ್ತಕ್ಷರಗಳು, ‘ಷ’ದ ಹೊಟ್ಟೆಯ ಗೆರೆ, ‘ಧ’ ಮತ್ತು ‘ಢ’ಗಳ ಕೆಳಗಿನ ಸೀಳು ದಪ್ಪ ಗೆರೆಯಲ್ಲಿ ಮುಚ್ಚಿಹೋಗುತ್ತವೆ.

ಬಣ್ಣದ ವಿಷಯದಲ್ಲಿ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಫೌಂಟನ್ ಪೆನ್ನಿನಲ್ಲಿ ಒಂದೇ ಅಕ್ಷರ ಒಂದು ಕಡೆ ತೆಳು, ಇಂಕು ನಿಂತ ಕಡೆ ಗಾಢವಾಗಿ ಕಾಣುವ ಚೆಲುವಿದೆ. ಗುಂಡು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಮನೆ ಬಳಿಯುವುದರಿಂದ ಆ ಏರಿಳಿತ ಬಹಳಷ್ಟು ಮಾಯವಾಗುತ್ತದೆ. ಬಣ್ಣ ಸಿಗುತ್ತದೆ, ಅದರ ಆಟ ಸಿಗುವುದಿಲ್ಲ. ಹಾಗಿದ್ದೂ ಸಿದ್ಧ ರಿಫಿಲ್‌ಗಳ ನಾಲ್ಕಾರು ಬಣ್ಣಗಳ ಎದುರು ಇದು ದೊಡ್ಡ ಲಾಭವೇ.

ಯಾವ ಇಂಕು?

ಸಾದಾ ಇಂಕು, ಅಂದರೆ ಬಣ್ಣ ಪೂರ್ತಿಯಾಗಿ ನೀರಿನಲ್ಲಿ ಕರಗಿರುವಂಥದ್ದು. ಬಟ್ಟೆಗೆ ತಾಗಿದರೂ ತೊಳೆದರೆ ಹೋಗುವ ರಾಯಲ್ ಬ್ಲೂ ಇದಕ್ಕೆ ಹೇಳಿ ಮಾಡಿಸಿದ್ದು. ಒಣಗಿ ಸಿಕ್ಕಿಕೊಂಡರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಪೆನ್ನಿಗೆ ಮೊದಲ ಸಲ ತುಂಬಿಸುವಾಗ ಇಂಥದ್ದರಿಂದಲೇ ಶುರುಮಾಡಿ. ಧಾರಾಳವಾಗಿ ಹರಿಯುವ ಇಂಕಿಗಿಂತ ಸ್ವಲ್ಪ ಬಿಗುವಾಗಿ ಹರಿಯುವುದು ಗುಂಡಿಗೆ ಒಳ್ಳೆಯದು. ಪೆಲಿಕಾನ್ 4001 ಸರಣಿಯ ರಾಯಲ್ ಬ್ಲೂ ಈ ಗುಣಕ್ಕೆ ಹೆಸರಾದದ್ದು. ಒಣಗಿದ ಮೇಲೆ ಲೋಹದ ಹೊಳಪು ಕೊಡುವ, ಬಣ್ಣವನ್ನು ಕಿಕ್ಕಿರಿದು ತುಂಬಿದ ಇಂಕುಗಳು ತುದಿಯಲ್ಲಿ ಬೇಗ ಹರಳುಗಟ್ಟುತ್ತವೆ, ಅವನ್ನು ನಿಬ್ಬಿಗೇ ಮೀಸಲಿಡಿ.

ಮಿನುಗುವ ಇಂಕು ಬೇಡವೇ ಬೇಡ. ಅದರ ಮಿಂಚು ಕಾಗೆಬಂಗಾರದ ಪುಡಿಯಂಥ ಕಣಗಳಿಂದ ಬರುತ್ತದೆ. ಆ ಕಣಗಳು ಗುಂಡಿನ ಸಂದಿಗಿಂತ ದೊಡ್ಡವಿರುತ್ತವೆ. ಅವು ಕೆಳಗೆ ಇಳಿದು ಗುಂಡಿನ ಹಿಂದೆ ಜಮೆಯಾಗಿ ದಾರಿ ಮುಚ್ಚುತ್ತವೆ. ಅರಗು ಬೆರೆಸಿದ ಚಿತ್ರಕಲೆಯ ಇಂಡಿಯನ್ ಇಂಕಂತೂ ಫೌಂಟನ್ ಪೆನ್ನಿಗೇ ವಿಷ.

ಅಳಿಯದ ಇಂಕಿನ ಮಾತು ಬಂದಾಗ ನಿಜವಾದ ಪೇಚಾಟ. ಪರೀಕ್ಷೆಯ ಉತ್ತರ, ಒಪ್ಪಂದದ ಸಹಿ, ಅಂಚೆಯ ವಿಳಾಸ ಇಂಥವಕ್ಕೆ ನೀರು ಬಿದ್ದರೂ ಹೋಗದ ಇಂಕು ಬೇಕೆನ್ನಿಸುವುದು ಸಹಜ. ಅಂಥ ಇಂಕುಗಳಲ್ಲಿ ಮುಖ್ಯವಾದವು ಎರಡು ಬಗೆ, ಎರಡೂ ಗುಂಡಿಗೆ ತೊಡಕಿನವೇ. ಮೊದಲನೆಯದು ಪಿಗ್ಮೆಂಟ್ ಇಂಕು. ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್, ಸೈಲರ್ ಕಿವಾಗುರೋ ಈ ಬಗೆಯವು. ಇವುಗಳಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಕಣಗಳು ಸಂದಿನಲ್ಲಿ ತೂರುವಷ್ಟು ಚಿಕ್ಕವೇ. ತೊಂದರೆ ಬರುವುದು ಒಣಗಿದ ಮೇಲೆ: ಒಮ್ಮೆ ಗಟ್ಟಿಯಾದರೆ ನೀರಿಗೆ ಜಗ್ಗುವುದಿಲ್ಲ. ನಿಬ್ಬನ್ನಾದರೆ ಬಿಚ್ಚಿ ಉಜ್ಜಬಹುದು, ಗೂಡಿನಿಂದ ಗುಂಡನ್ನು ಹೊರತೆಗೆಯುವ ಹಾಗಿಲ್ಲ. ಯೂನಿಬಾಲ್‌ನಂಥ ಕಂಪನಿಗಳು ತಮ್ಮ ರೋಲರ್‌ಬಾಲ್‌ಗಳಲ್ಲಿ ಪಿಗ್ಮೆಂಟ್ ಇಂಕನ್ನೇ ಹಾಕುತ್ತವಲ್ಲ ಎಂದು ನೀವು ಕೇಳಬಹುದು. ಹಾಕುತ್ತವೆ, ಆ ಇಂಕು ಆ ತುದಿಗೆಂದೇ ಮಾಡಿದ್ದು. ಮೇಲಾಗಿ ಇಂಕು ಮುಗಿದಾಗ ಪೆನ್ನೋ ರಿಫಿಲ್ಲೋ ತುದಿಯ ಸಮೇತ ಕಸಕ್ಕೆ ಹೋಗುತ್ತದೆ. ನಾವು ಒಂದೇ ತುದಿಯನ್ನು ಮತ್ತೆ ಮತ್ತೆ ತುಂಬಿಸಿ ಬಳಸಲು ಹೊರಟವರು.

ಎರಡನೆಯದು ಐರನ್ ಗಾಲ್. ಓಕ್ ಮರದ ಗಂಟುಗಳಿಂದ ತೆಗೆದ ಟ್ಯಾನಿನ್‌ಗೆ ಅನ್ನಭೇದಿ ಸೇರಿಸಿ ಶತಮಾನಗಳ ಕಾಲ ಯುರೋಪಿನಲ್ಲಿ ಇದನ್ನು ಮಾಡುತ್ತಿದ್ದರು. ಬರೆದಾಗ ತೆಳುವಾಗಿದ್ದು, ಗಾಳಿ ತಾಗಿದಂತೆ ಕಾಗದದ ಎಳೆಗಳೊಳಗೇ ಕಪ್ಪಾಗಿ ಗಟ್ಟಿಯಾಗುತ್ತದೆ, ಆಮೇಲೆ ನೀರಿಗೆ ಹೋಗುವುದಿಲ್ಲ. ಇಂದಿನವು ಸೌಮ್ಯ, ಪ್ಲಾಟಿನಂ ಬ್ಲೂ ಬ್ಲ್ಯಾಕ್ ಒಂದು ಉದಾಹರಣೆ. ಆದರೂ ಇವು ಆಮ್ಲೀಯವೇ. ಗುಂಡು ಕೂತಿರುವ ಗೂಡಿನ ಅಂಚು ಎಷ್ಟು ತೆಳುವೆಂದರೆ, ಆಮ್ಲ ಅದನ್ನು ಅಷ್ಟಿಷ್ಟು ತಿಂದರೂ ಸಾಕು, ಸಂದು ಅಗಲವಾಗಿ ಪೆನ್ನು ಕಕ್ಕತೊಡಗುತ್ತದೆ.

ಹಾಗಾದರೆ ಏನು ಮಾಡುವುದು? ಕಾಗದದ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡು ಉಳಿಯುವ ಇಂಕುಗಳಿವೆ, ಅಮೆರಿಕದ ನೂಡ್ಲರ್ಸ್ ಇವುಗಳಿಗೆ ಹೆಸರುವಾಸಿ. ದಿನವೂ ಬರೆಯುವವರು, ತುದಿ ಒಣಗಲು ಬಿಡದವರು ಇವನ್ನು ಪ್ರಯತ್ನಿಸಬಹುದು. ಆದರೆ ಕಾನೂನಿನ ದಾಖಲೆಗೆ ನನ್ನ ಸಲಹೆ ಬೇರೆ: ಆ ಕೆಲಸಕ್ಕೆಂದೇ ಮಾಡಿದ ಪೆನ್ನನ್ನು ಅದರ ಸ್ವಂತ ಇಂಕಿನ ಜೊತೆಗೇ ಬಳಸಿ. ರೋಲರ್‌ಬಾಲ್‌ಗಳ ಐಎಸ್‌ಒ 14145 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ದಾಖಲೆಗಳಿಗೆ ಬಳಸುವ ಪೆನ್ನುಗಳಿಗೇ ಒಂದು ಪ್ರತ್ಯೇಕ ಭಾಗವಿದೆ. ಇಂಕು ಬದಲಿಸಿದ ಮೇಲೆ ಆ ಮಾನದಂಡದ ಭರವಸೆ ನಿಮ್ಮ ಪೆನ್ನಿಗೆ ಅನ್ವಯಿಸುವುದಿಲ್ಲ.

ತುಂಬಿಸುವುದು, ತೊಳೆಯುವುದು

ಕನ್ವರ್ಟರ್ ಇದ್ದರೆ ಅದನ್ನು ಪೆನ್ನಿನಿಂದ ಬಿಡಿಸಿ ನೇರವಾಗಿ ಬಾಟಲಿಯಿಂದ ಇಂಕು ಎಳೆದುಕೊಳ್ಳಿ. ಗುಂಡಿನ ತುದಿಯನ್ನು ಬಾಟಲಿಗೆ ಅದ್ದಿ ಎಳೆಯಲು ಹೋದರೆ ಆ ಸಣ್ಣ ಸಂದಿನಲ್ಲಿ ಇಂಕು ಏರುವುದೇ ಕಷ್ಟ. ಚಿಕ್ಕ ಕಾರ್ಟ್ರಿಜ್‌ನಲ್ಲಿ ಹಿಡಿಯುವುದು ಸುಮಾರು 0.8 ಮಿಲಿಲೀಟರ್, ಮೊಂಡು ಸೂಜಿಯ ಸಿರಿಂಜಿದ್ದರೆ ತುಂಬಿಸುವುದು ಸುಲಭ. ಜೋಡಿಸಿದ ಕೂಡಲೇ ಪೆನ್ನು ಬರೆಯದಿದ್ದರೆ ಗಾಬರಿಪಡಬೇಡಿ, ತುದಿ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿಡಿ. ಒದರಬೇಡಿ. ಪೆನ್ನಿನ ಕೊಳವೆಗೇ ಡ್ರಾಪರಿನಿಂದ ಇಂಕು ಸುರಿಯುವ ಮಾದರಿಯಾದರೆ ತಿರುಪಿನ ಮರೆಗಳಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಇಂಥವನ್ನು ಅರ್ಧ ಖಾಲಿಯಾಗುವ ಮೊದಲೇ ಮತ್ತೆ ತುಂಬಿಸುವುದು ಒಳ್ಳೆಯದು. ಒಳಗೆ ಗಾಳಿ ಹೆಚ್ಚಿದ್ದಷ್ಟೂ ಅಂಗೈಯ ಬಿಸಿಗೆ ಅದು ಹಿಗ್ಗಿ ಇಂಕನ್ನು ಹೊರಗೆ ದೂಡುತ್ತದೆ. ವಿಮಾನ ಮೇಲೇರುವಾಗಲೂ ಇದೇ ಆಗುತ್ತದೆ, ಆಗ ಪೆನ್ನಿನ ತುದಿ ಮೇಲ್ಮುಖವಾಗಿರಲಿ.

ಬಣ್ಣ ಬದಲಿಸುವಾಗ, ಹಾಗೂ ಕೆಲವು ದಿನ ಬಳಸುವುದಿಲ್ಲವೆಂದು ಗೊತ್ತಿದ್ದಾಗ ತೊಳೆಯಲೇಬೇಕು. ತುದಿಯ ಭಾಗವನ್ನು ಬಿಡಿಸಿ, ಹಿಂದಿನ ತೂತಿಗೆ ರಬ್ಬರ್ ಬಲ್ಬೋ ಸಿರಿಂಜೋ ಇಟ್ಟು ತಣ್ಣೀರನ್ನು ಮೆಲ್ಲಗೆ ಒತ್ತಿ. ಗುಂಡು ಸುಮ್ಮನಿದ್ದರೆ ಅದರ ಸುತ್ತಲಿನ ಸಂದು ಒಂದೇ ಬದಿಗೆ ಒತ್ತಿಕೊಂಡಿರುತ್ತದೆ, ನೀರು ಎಲ್ಲ ಕಡೆಗೂ ತಲುಪುವುದಿಲ್ಲ. ಹಾಗಾಗಿ ನಡುನಡುವೆ ಒದ್ದೆ ಟಿಶ್ಯೂ ಕಾಗದದ ಮೇಲೆ ತುದಿಯನ್ನು ಸುತ್ತಿಸುತ್ತ ಗೀಚಬೇಕು. ಮೊದಲು ಗಾಢ ಬಣ್ಣದ ಸುರುಳಿ ಮೂಡುತ್ತದೆ, ಆಮೇಲೆ ಪೇಲವ, ಕೊನೆಗೆ ಬರೀ ನೀರಿನ ಗುರುತು. ಅಲ್ಲಿಯವರೆಗೂ ಬಿಡಬೇಡಿ. ನಾರಿನ ಬತ್ತಿಯಿರುವ ಪೆನ್ನಾದರೆ ಬತ್ತಿಯಿಂದ ಹಳೆಯ ಬಣ್ಣ ಪೂರ್ತಿ ಹೋಗುವುದೇ ಅಪರೂಪ, ಅದಕ್ಕೆ ಒಂದೇ ಬಣ್ಣ ಖಾಯಂ ಮಾಡಿಬಿಡಿ. ಒಣಗಿ ಕಟ್ಟಿಕೊಂಡ ತುದಿಯನ್ನು ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬಹುದು. ಬಿಸಿನೀರು ಪ್ಲಾಸ್ಟಿಕ್ ಫೀಡ್‌ನ ಆಕಾರ ಕೆಡಿಸುತ್ತದೆ, ಸ್ಪಿರಿಟ್ ತಾಗಿದರೆ ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಎರಡೂ ಬೇಡ.

ಬರೆಯುವಾಗ ಪೆನ್ನನ್ನು ಫೌಂಟನ್ ಪೆನ್ನಿನಷ್ಟು ಓರೆಯಾಗಿ ಹಿಡಿಯಬೇಡಿ. ತೀರಾ ವಾಲಿಸಿದರೆ ಗುಂಡಿನ ಬದಲು ಗೂಡಿನ ಅಂಚು ಕಾಗದಕ್ಕೆ ತಾಗಿ ಸವೆಯುತ್ತದೆ, ಗೆರೆಯೂ ಒಂದೇ ಕಡೆ ಹರಿಯುತ್ತದೆ. ಕ್ಯಾಪ್ ತೆಗೆದಿಟ್ಟು ಫೋನಿನಲ್ಲಿ ಮಾತಿಗೆ ಕೂರುವ ಅಭ್ಯಾಸವಿದ್ದರೆ ಬಿಡಿ. ಬಾಲ್ ಪೆನ್ನಿನ ಎಣ್ಣೆಯ ಇಂಕು ಸಹಿಸುವುದನ್ನು ನೀರಿನ ಇಂಕು ಸಹಿಸುವುದಿಲ್ಲ.

ಚೆನ್ನಾಗಿ ತೊಳೆದ ಮೇಲೂ ಪೆನ್ನು ಒಂದು ದಿಕ್ಕಿಗೆ ಮಾತ್ರ ಬರೆದು ಇನ್ನೊಂದು ದಿಕ್ಕಿಗೆ ಗೆರೆ ಬಿಟ್ಟುಬಿಡುತ್ತಿದ್ದರೆ, ಅಥವಾ ಇಂಕು ಬದಲಿಸಿದರೂ ತುದಿಯಲ್ಲಿ ಹನಿಗಟ್ಟುತ್ತಲೇ ಇದ್ದರೆ ಗೂಡು ಸವೆದಿದೆ ಎಂದುಕೊಳ್ಳಬಹುದು. ಅದಕ್ಕೆ ರಿಪೇರಿ ಇಲ್ಲ, ತುದಿಯನ್ನು ಬದಲಿಸಬೇಕು. ಆದ್ದರಿಂದ ಪೆನ್ನು ಕೊಳ್ಳುವಾಗಲೇ ಅದರ ತುದಿ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗುವುದಾದರೆ ಒಂದು ಹೆಚ್ಚುವರಿ ತುದಿಯನ್ನು ಆಗಲೇ ತಂದಿಟ್ಟುಕೊಳ್ಳಿ.